ಬ್ಯಾರೆಲ್ ಪ್ರೂಫ್ ವೀಟೆಡ್ ಬರ್ಬನ್: ಉರಿ ಯಾವುದು, ರುಚಿ ಯಾವುದು ಅಂತ ಬೇರ್ಪಡಿಸೋದು ಹೇಗೆ?

ಸಿನ್ಸಿ_ಕನ್ನಡಿಗ ಕೇಳಿದ್ದು:

ನಮಸ್ಕಾರ. ಕೈಲಿರೋದು ಲಾರ್ಸೆನಿ ಬ್ಯಾರೆಲ್ ಪ್ರೂಫ್ (ಪೀಪಾಯಿಯಿಂದ ತೆಗೆದ ಹಾಗೇ, ನೀರು ಬೆರೆಸದೆ ಬಾಟಲಿಗಿಳಿಸಿದ ಬರ್ಬನ್, ಅಂದ್ರೆ ಅಮೆರಿಕದ ವಿಸ್ಕಿ), ಬ್ಯಾಚ್ ಬಿ520, 122.2 ಪ್ರೂಫ್, ಅಂದ್ರೆ 61.1% ಆಲ್ಕೋಹಾಲ್. ವೀಟೆಡ್ ಬರ್ಬನ್ ಅಂದ್ರೆ ಮೆತ್ತಗೆ, ಸಿಹಿ ಅಂತ ಎಲ್ಲರೂ ಬರೀತಾರೆ. ಇದು ನೋಡಿದ್ರೆ ಗ್ಲಾಸ್ ಮೂಗಿಗೆ ತಂದ ತಕ್ಷಣ ಘಾಟು ಹೊಡೆಯುತ್ತೆ, ಬಾಯಿಗೆ ಹಾಕಿದ್ರೆ ಚಕ್ಕೆ-ಮೆಣಸಿನ ಉರಿ. ಉರಿ ಆರೋ ಹೊತ್ತಿಗೆ ರುಚಿಯೂ ಹೋಗಿರುತ್ತೆ. ಇದು ಸರಕಿನ ದೋಷವಾ, ಪ್ರೂಫಿನ ಸಹಜ ಗುಣವಾ, ಅಥವಾ ಕುಡಿಯೋ ಕ್ರಮವೇ ತಪ್ಪಾ? ಇದನ್ನ ಮೇಕರ್ಸ್ ಮಾರ್ಕ್ ಕಾಸ್ಕ್ ಸ್ಟ್ರೆಂತ್ (ಅದೂ ನೀರು ಬೆರೆಸದ್ದೇ) ಮತ್ತು ವೆಲ್ಲರ್ ಆಂಟಿಕ್ 107 ಜೊತೆ ಇಟ್ಟು, ಹೆಸರು ಮುಚ್ಚಿ ಮೂರನ್ನೂ ತೂಗಿ ನೋಡೋ ಯೋಚನೆ ಇದೆ. ನೀರು ಹಾಕಬೇಕಾ? ಹಾಕಿದ್ರೆ ಎಷ್ಟು? ಅಂದಾಜು ಬೇಡ, ಲೆಕ್ಕ ಗೊತ್ತಿರೋರು ಹೇಳಿ.

ಪೀಪಾಯಿ_ಪುರಾಣ:

ಮೊದಲು ಆ "ಮೆತ್ತಗೆ" ಅನ್ನೋ ಮಾತನ್ನ ಬದಿಗಿಡಿ. ಬರ್ಬನ್ ಅನ್ನಿಸಿಕೊಳ್ಳೋಕೆ ಕನಿಷ್ಠ 51% ಮೆಕ್ಕೆಜೋಳ ಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ ಬೇಕು, ನೀರು ಬಿಟ್ಟು ಇನ್ನೇನೂ ಸೇರಿಸೋ ಹಾಗಿಲ್ಲ. ಮಿಕ್ಕ ಧಾನ್ಯದಲ್ಲಿ ಸಾಮಾನ್ಯವಾಗಿ ರೈ (ಗೋಧಿಯ ಹತ್ತಿರದ ಒಂದು ಧಾನ್ಯ, ಸಾಸಿವೆ ಅಲ್ಲ) ಇರುತ್ತೆ, ವೀಟೆಡ್‌ನಲ್ಲಿ ಆ ಜಾಗಕ್ಕೆ ಗೋಧಿ. ಲಾರ್ಸೆನಿಯಲ್ಲಿ 68% ಮೆಕ್ಕೆಜೋಳ, 20% ಗೋಧಿ, 12% ಮಾಲ್ಟ್ ಮಾಡಿದ ಬಾರ್ಲಿ. ಮೇಕರ್ಸ್ ಮಾರ್ಕ್‌ನಲ್ಲಿ ಅದೇ ಕ್ರಮದಲ್ಲಿ 70, 16, 14. ವೆಲ್ಲರ್‌ನ ಪಾಲು ಎಷ್ಟು ಅಂತ ಅದನ್ನ ತಯಾರಿಸೋ ಬಫಲೋ ಟ್ರೇಸ್‌ನವರು ಬಾಯಿ ಬಿಟ್ಟಿಲ್ಲ, ನೆಟ್‌ನಲ್ಲಿ ಓಡಾಡೋ ಅಂಕಿಗಳೆಲ್ಲ ಊಹೆ. ಗೋಧಿ ತಾನಾಗಿ ದೊಡ್ಡ ರುಚಿ ಏನೂ ತರಲ್ಲ. ರೈ ತರೋ ಖಾರ ಇಲ್ಲದೇ ಇರೋದ್ರಿಂದ ಜೋಳದ ಸಿಹಿ, ಓಕಿನ ವೆನಿಲ್ಲಾ, ಕ್ಯಾರಮೆಲ್ ಮುಂದೆ ಬಂದು ನಿಲ್ಲುತ್ತೆ, ಅಷ್ಟೆ. 61.1% ಆಲ್ಕೋಹಾಲ್ ಇರೋ ಕಡೆ ಗೋಧಿ ಬಂದು ಉರಿ ಆರಿಸುತ್ತೆ ಅಂತ ಕಾಯೋದು ವ್ಯರ್ಥ.

ನಿಮ್ಮ "ಚಕ್ಕೆ-ಮೆಣಸು" ಎರಡು ಕಡೆಯಿಂದ ಬರಬಹುದು. ಒಂದು ಬರೀ ಆಲ್ಕೋಹಾಲು. ಮೆಣಸಿನಕಾಯಿ ಕೆಣಕೋ ನರಗಳನ್ನೇ ಅದೂ ಕೆಣಕುತ್ತೆ, ಹಾಗಾಗಿ ಅದು ರುಚಿಯೇ ಅಲ್ಲ, ಬಿಸಿ. ಇನ್ನೊಂದು ಮರ. ಲವಂಗದಲ್ಲಿರೋ ಯೂಜಿನಾಲ್ ಓಕಿನಲ್ಲೂ ಇದೆ. ಬೇರ್ಪಡಿಸೋದು ಸುಲಭ: ಅದೇ ವಿಸ್ಕಿಯನ್ನ ನೀರು ಹಾಕಿ 45%ಗೆ ಇಳಿಸಿ. ಖಾರ ಪೂರ್ತಿ ಮಾಯವಾದ್ರೆ ನೀವು ಅಲ್ಲಿವರೆಗೆ ಸವಿದದ್ದು ಬರೀ ಪ್ರೂಫ್. ಲವಂಗ, ಚಕ್ಕೆ ಸಣ್ಣಗೆ ಉಳಿದುಕೊಂಡ್ರೆ ಅದು ಪೀಪಾಯಿಯ ಕೊಡುಗೆ, ಅದಕ್ಕೆ ಅಂಕ ಕೊಡಬಹುದು.

ಈಗ ಕ್ರಮ. ಒಂದು ಗ್ಲಾಸಿಗೆ 15 ಮಿಲೀ ಸಾಕು. ವಿಸ್ಕಿ ಮೂಸೋಕೆ ಬಳಸೋ ಗ್ಲೆನ್‌ಕೇರ್ನ್ ಗ್ಲಾಸಿನ ಬಾಯಿ ಕಿರಿದು, ಈ ಪ್ರೂಫಿನಲ್ಲಿ ಆವಿಯೆಲ್ಲ ನೇರ ಮೂಗಿಗೇ ಬರುತ್ತೆ. ಸ್ವಲ್ಪ ಅಗಲ ಬಾಯಿಯ ಸಣ್ಣ ವೈನ್ ಗ್ಲಾಸ್ ಇದ್ರೆ ಅದೇ ಮೇಲು. ಸುರಿದು ಹತ್ತು ನಿಮಿಷ ಬಿಡಿ. ಗ್ಲಾಸ್ ಗಿರಗಿರ ತಿರುಗಿಸಬೇಡಿ, ವೈನಿನ ಆ ಅಭ್ಯಾಸ ಇಲ್ಲಿ ಘಾಟನ್ನ ಎಬ್ಬಿಸೋದು ಬಿಟ್ಟು ಬೇರೇನೂ ಮಾಡಲ್ಲ. ಮೊದಲು ಗ್ಲಾಸ್ ಗದ್ದದ ಹತ್ತಿರ ಹಿಡಿದು ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಉಸಿರು ತಗೊಳ್ಳಿ. ಆಮೇಲೆ ತುಟಿಯ ಮಟ್ಟಕ್ಕೆ ತನ್ನಿ. ಮೂಗನ್ನ ಗ್ಲಾಸಿನ ಒಳಗೆ ಇಳಿಸಿ ಜೋರಾಗಿ ಎಳೆದ್ರೆ ಮುಂದಿನ ಕೆಲವು ನಿಮಿಷ ಮೂಗು ಮರಗಟ್ಟಿರುತ್ತೆ. ಆಮೇಲೆ ಎಷ್ಟು ಮೂಸಿದ್ರೂ ಏನೂ ಸಿಗಲ್ಲ, ಜನ "ಕ್ಲೋಸ್ಡ್ ನೋಸ್" ಅಂತ ಬರೆದು ಮುಗಿಸ್ತಾರೆ.

ಮೊದಲ ಗುಟುಕು ನಾಲಿಗೆ ಒದ್ದೆಯಾಗೋವಷ್ಟು, 1 ಮಿಲೀ ದಾಟಬಾರದು. ಅದರ ಮೇಲೆ ತೀರ್ಪು ಬೇಡ, ಅದು ಬಾಯಿಯನ್ನ ಒಗ್ಗಿಸೋಕೆ ಮಾತ್ರ. ಒಂದು ನಿಮಿಷ ಬಿಟ್ಟು ಎರಡನೇದು, 2-3 ಮಿಲೀ. ನಾಲಿಗೆ ಮೇಲೆ, ಅಡಿಯಲ್ಲಿ, ಒಸಡಿನ ಪಕ್ಕ ಆಡಿಸಿ, ಐದಾರು ಸೆಕೆಂಡ್ ಇಟ್ಟು ನುಂಗಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಿಜವಾದ ವಾಸನೆ ಸಿಗೋದು ಈ ಉಸಿರಿನಲ್ಲಿ. ಉರಿ ಇಳಿದ ಮೇಲೆ ಗಡಿಯಾರ ನೋಡಿ: ಅರ್ಧ ನಿಮಿಷ ಆದ ಮೇಲೂ ಬಾಯಲ್ಲಿ ಕ್ಯಾರಮೆಲ್, ಹುರಿದ ಕಡಲೆಕಾಯಿ, ಬ್ರೆಡ್ಡಿನ ತೊಗಟೆ ಹೀಗೆ ಹೆಸರಿಸೋಕೆ ಏನಾದ್ರೂ ಉಳಿದಿದ್ರೆ ಒಳ್ಳೇ ಸರಕು. ಎದೆ ಬೆಚ್ಚಗಾಗಿ ಬಾಯಿ ಖಾಲಿ ಇದ್ರೆ, ಕೆಂಟಕಿಯವರು ಅದಕ್ಕೆ "ಕೆಂಟಕಿ ಹಗ್" ಅಂತ ಮುದ್ದಾಗಿ ಹೆಸರಿಟ್ಟರೂ, ನನ್ನ ಲೆಕ್ಕದಲ್ಲಿ ಅದಕ್ಕೆ ಅಂಕ ಇಲ್ಲ.

ಲ್ಯಾಬ್‌ಕೋಟು:

ನೀರಿನ ಲೆಕ್ಕ ಕೇಳಿದ್ರಿ. ವಿಸ್ಕಿಯ ಮಿಲೀಯನ್ನ (ಈಗಿನ ಶೇಕಡಾ ÷ ಬೇಕಾದ ಶೇಕಡಾ − 1) ಇದರಿಂದ ಗುಣಿಸಿ. 61.1%ದು 15 ಮಿಲೀ ಇದ್ರೆ:

50%ಗೆ: 3.3 ಮಿಲೀ ನೀರು.
45%ಗೆ: 5.4 ಮಿಲೀ.
20%ಗೆ: 31 ಮಿಲೀ.

ಅಳೆಯೋಕೆ ಮೆಡಿಕಲ್ ಸ್ಟೋರಿನ ಸೂಜಿ ಇಲ್ಲದ 5 ಮಿಲೀ ಸಿರಿಂಜ್ ಸಾಕು. "ಎರಡು ಹನಿ ಹಾಕಿದೆ, ಅರಳಿತು" ಅಂತ ಬರೆಯೋರನ್ನ ನಂಬಬೇಡಿ. ಡ್ರಾಪರಿನ 20 ಹನಿ ಸೇರಿದ್ರೆ ಹೆಚ್ಚುಕಮ್ಮಿ 1 ಮಿಲೀ. 15 ಮಿಲೀಗೆ ಎರಡು ಹನಿ ಹಾಕಿದ್ರೆ 61.1% ಹೋಗಿ 60.7% ಆಗುತ್ತೆ, ಅಷ್ಟೆ.

ಇಲ್ಲಿ ಸಾಮಾನ್ಯವಾಗಿ ಆಗೋ ಎಡವಟ್ಟು: ಒಂದೇ ಗ್ಲಾಸಿನಲ್ಲಿ ಒಂದು ಗುಟುಕು ಕುಡಿದು, ನೀರು ಹಾಕಿ, ಮತ್ತೆ ಕುಡಿದು, ಮತ್ತೆ ನೀರು. ಗ್ಲಾಸಿನಲ್ಲಿ ಉಳಿದದ್ದೆಷ್ಟು ಅಂತ ಗೊತ್ತಿಲ್ಲದ ಮೇಲೆ ಲೆಕ್ಕ ಎಲ್ಲಿಂದ ಬರುತ್ತೆ? ಮೂರು ಗ್ಲಾಸಿಗೆ ಮೊದಲೇ ಸುರಿದುಕೊಳ್ಳಿ: ಒಂದು ಹಾಗೇ, ಒಂದು 50%, ಒಂದು 45%. ಪ್ರತಿ ಗ್ಲಾಸಿಗೆ 5 ಮಿಲೀ ವಿಸ್ಕಿ ಸಾಕು, ನೀರನ್ನೂ ಮೂರನೇ ಒಂದಕ್ಕೆ ಇಳಿಸಿ. ನೀರು ಹಾಕಿ ಐದು ನಿಮಿಷ ಬಿಟ್ಟು ಮೂಸಿ.

ನೀರು ಹಾಕಿದ್ರೆ ವಾಸನೆ ಯಾಕೆ ಬದಲಾಗುತ್ತೆ ಅನ್ನೋದಕ್ಕೆ 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿ ತೋರಿಸಿದ್ರು. ಅವರು ನೋಡಿದ್ದು ಗ್ವಾಯಕಾಲ್ ಅನ್ನೋ ಹೊಗೆವಾಸನೆಯ ಅಣು. 59% ಮೇಲಿದ್ದಾಗ ಆಲ್ಕೋಹಾಲ್ ಅಣುಗಳು ಅದನ್ನ ಸುತ್ತುವರಿದು ದ್ರವದ ಒಳಗೇ ಹಿಡಿದಿರುತ್ತವೆ. 45% ಮತ್ತು ಅದಕ್ಕಿಂತ ಕೆಳಗೆ ಅದು ಮೇಲ್ಮೈಗೆ ಬಂದು ನಿಲ್ಲುತ್ತೆ. ಅದು ಒಂದೇ ಅಣುವಿನ ಲೆಕ್ಕ, ಎಲ್ಲ ವಾಸನೆಗೂ ಹಾಗೇ ಅಂತ ಎಳೆಯೋ ಹಾಗಿಲ್ಲ. ಆದರೂ 61% ಇರೋ ನಿಮ್ಮ ಬಾಟಲಿಗೆ 45%ದೊಂದು ಗ್ಲಾಸ್ ಪಕ್ಕದಲ್ಲಿರಲಿ ಅನ್ನೋಕೆ ಅಷ್ಟು ಸಾಕು.

20% ಯಾಕೆ ಹೇಳಿದೆ ಅಂದ್ರೆ, ಸ್ಕಾಚ್ ಬ್ಲೆಂಡರ್‌ಗಳು ಮೂಸೋದೇ ಆ ಮಟ್ಟಕ್ಕೆ ಇಳಿಸಿ. ಕುಡಿಯೋಕೆ ಸಪ್ಪೆ, ಆದರೆ ದೋಷ ಅಡಗಿಕೊಳ್ಳೋಕೆ ಜಾಗ ಇರಲ್ಲ. ನೇಲ್ ಪಾಲಿಶ್ ವಾಸನೆ ಬಂದ್ರೆ ಈಥೈಲ್ ಅಸಿಟೇಟ್ ಜಾಸ್ತಿ. ಹಸಿ ಹಿಟ್ಟು, ಬೇಯದ ಜೋಳ ಮೂಗಿಗೆ ಬಂದ್ರೆ ವಯಸ್ಸು ಸಾಲದು. ಒದ್ದೆ ರಟ್ಟಿನ ವಾಸನೆ ಬಂದ್ರೆ ಕಾರ್ಕ್ ಕೆಟ್ಟಿದೆ, ಆ ಬಾಟಲಿ ಇಟ್ಟುಕೊಂಡು ಬ್ಯಾಚಿನ ಬಗ್ಗೆ ತೀರ್ಪು ಕೊಡಬೇಡಿ.

ನೀರು ಡಿಸ್ಟಿಲ್ಡ್ ಅಥವಾ ಆರ್‌ಓ ಇರಲಿ, ಕೋಣೆಯ ಶಾಖದಲ್ಲಿರಲಿ. ನಲ್ಲಿ ನೀರಿನ ಕ್ಲೋರಿನ್ ಮೊದಲು ಕೆಡಿಸೋದು ಓಕಿನ ಸಣ್ಣ ವಾಸನೆಗಳನ್ನೇ.

ಜಯನಗರ_4ನೇ_ಬ್ಲಾಕ್:

ಇಲ್ಲಿ ನಮ್ಮೂರಲ್ಲಿ ಕೂತು ಇದನ್ನ ಓದ್ತಿರೋರಿಗೆ ಒಂದು ಮಾತು. ಅಮೆರಿಕದ ಪ್ರೂಫ್ ಅಂದ್ರೆ ಶೇಕಡಾದ ಎರಡರಷ್ಟು. ನಮ್ಮ ಲೇಬಲ್ ಮೇಲಿನ 42.8%, 25 ಯು.ಪಿ. (ಅಂಡರ್ ಪ್ರೂಫ್, ಅಂದ್ರೆ ನೂರಕ್ಕೆ 25 ಕಡಿಮೆ), 75 ಡಿಗ್ರಿ ಪ್ರೂಫ್ ಅನ್ನೋದು ಹಳೇ ಬ್ರಿಟಿಷ್ ಅಳತೆ, ಅಲ್ಲಿ 100 ಅಂದ್ರೆ 57.1%. ಹಾಗಾಗಿ ಅವರ 122.2 ನಮ್ಮ ಲೆಕ್ಕದಲ್ಲಿ 107. ಇದನ್ನ 60 ಮಿಲೀ ಪೆಗ್ ಹಾಕಿದ್ರೆ ಮಾಮೂಲಿ ವಿಸ್ಕಿ 86 ಮಿಲೀ ಕುಡಿದ ಹಾಗೆ. ಅಂದ್ರೆ ಲಾರ್ಜ್ ಅಂದುಕೊಂಡು ನೈಂಟಿ ಹೊಡೆದ ಲೆಕ್ಕ. ಮೂರ್ನಾಲ್ಕು ಬಾಟಲಿ ರುಚಿ ನೋಡೋ ಕಡೆ ಉಗಿಯೋಕೆ ಒಂದು ಪಾತ್ರೆ ಇಡಿ, ನಾಚಿಕೆ ಬೇಡ. ಇಲ್ಲೇ ಸಿಗೋದ್ರಲ್ಲಿ ಈ ಮಟ್ಟದ ಉರಿಗೆ ಅಭ್ಯಾಸ ಆಗಬೇಕು ಅಂದ್ರೆ ಅಮೃತ್ ಕಾಸ್ಕ್ ಸ್ಟ್ರೆಂತ್, 61.8%. ಅದು ಬಾರ್ಲಿ, ರುಚಿಗೆ ಹೋಲಿಕೆ ಇಲ್ಲ, ನೀರಿನ ಅಭ್ಯಾಸಕ್ಕೆ ಮಾತ್ರ.

ಸಿನ್ಸಿ_ಕನ್ನಡಿಗ:

ಬಹಳ ಉಪಯೋಗ ಆಯ್ತು. ಎರಡು ಅನುಮಾನ. 45%ಗೆ ಇಳಿಸಿದ್ದು ಸ್ವಲ್ಪ ಮಬ್ಬಾಯ್ತು, ಅದು ನೀರಿನ ತಪ್ಪಾ? ಇನ್ನೊಂದು, ಮೂರು ಬಾಟಲಿಯ ಪ್ರೂಫ್ ಬೇರೆ ಬೇರೆ. ಎಲ್ಲವನ್ನೂ 50%ಗೆ ತಂದು ಹೋಲಿಸೋದೇ ನ್ಯಾಯ ಅಲ್ವಾ?

ಒಗರು_ಚೊಗರು:

ಮಬ್ಬು ದೋಷ ಅಲ್ಲ. ಲಾರ್ಸೆನಿ ಬ್ಯಾರೆಲ್ ಪ್ರೂಫ್‌ಗೆ ಚಿಲ್ ಫಿಲ್ಟರ್ ಮಾಡಲ್ಲ, ಅಂದ್ರೆ ತಣ್ಣಗೆ ಮಾಡಿ ಸೋಸಲ್ಲ. ಉದ್ದ ಸರಪಳಿಯ ಎಸ್ಟರ್‌ಗಳು ಆಲ್ಕೋಹಾಲಿನಲ್ಲಿ ಕರಗಿರುತ್ತವೆ, 46%ಕ್ಕಿಂತ ಕೆಳಗೆ ಇಳಿದಾಗ ಹೊರಗೆ ಬಂದು ಮಬ್ಬು ಕಟ್ಟುತ್ತವೆ. ಬಾಯಲ್ಲಿ ಎಣ್ಣೆ ಸವರಿದ ಹಾಗೆ ಒಂದು ದಪ್ಪ ಸಿಗುತ್ತಲ್ಲ, ಅದಕ್ಕೂ ಇವೇ ಕಾರಣ. ಐಸ್ ಹಾಕಿದ್ರೆ ಮಬ್ಬು ಇನ್ನೂ ಜಾಸ್ತಿ, ವಾಸನೆಯೂ ಮುದುಡಿಕೊಳ್ಳುತ್ತೆ. ಕುಡಿಯೋಕೆ ಐಸ್ ಹಾಕ್ಕೊಳ್ಳಿ, ತೂಗೋವಾಗ ಬೇಡ.

ಎರಡನೇ ಪ್ರಶ್ನೆಗೆ ಬರೋಣ. 50%ಗೆ ತರೋಕೆ 15 ಮಿಲೀ ವೆಲ್ಲರ್‌ಗೆ (53.5%) ಬೇಕಾದ ನೀರು 1 ಮಿಲೀ, ಮೇಕರ್ಸ್ 55% ಇದ್ರೆ 1.5 ಮಿಲೀ, ಲಾರ್ಸೆನಿಗೆ 3.3. ಸಮ ಮಾಡಿ ಹೋಲಿಸಿದ್ರೆ ಧಾನ್ಯ, ಮರ, ವಯಸ್ಸು ಚೆನ್ನಾಗಿ ಕಾಣುತ್ತೆ, ಒಪ್ಪಿದೆ. ಆದರೆ ಕೊನೇ ತೀರ್ಪು ಅದರ ಮೇಲೆ ಬೇಡ ಅನ್ನೋದು ನನ್ನ ವಾದ. ಕೊಂಡದ್ದು ಬ್ಯಾರೆಲ್ ಪ್ರೂಫ್. ಬಾಟಲಿಯಲ್ಲಿದ್ದ ಹಾಗೆ ಅದು ನಿಲ್ಲುತ್ತಾ, 50%ರಲ್ಲಿ ಏನಾಗುತ್ತೆ, ಎರಡನ್ನೂ ಬೇರೆ ಬೇರೆ ಬರೆಯಿರಿ. ಹಾಗೇ ಕುಡಿದಾಗ ಬರೀ ಬಿಸಿ, 50%ರಲ್ಲಿ ಚೆನ್ನ ಅಂದ್ರೆ, ಅದೇ ದುಡ್ಡಿಗೆ 100 ಪ್ರೂಫಿನ ಬಾಟ್ಲ್ಡ್-ಇನ್-ಬಾಂಡ್ (50%ರಲ್ಲೇ ಬಾಟಲಿಗಿಳಿಸೋ ಬಗೆ) ಸಿಗುತ್ತಾ ನೋಡಿ. ನೀರು ಹಾಕಿದ ಕೂಡಲೇ ತೆಳ್ಳಗಾಗಿ ಸಕ್ಕರೆನೀರಿನ ಮಟ್ಟಕ್ಕೆ ಬಿದ್ದರೆ, ಪ್ರೂಫ್ ಅದರ ಬಡತನ ಮುಚ್ಚಿತ್ತು ಅಂತ. ಎರಡೂ ಕಡೆ ನಿಂತರೆ ಮಾತ್ರ ಮೇಲಿನ ಅಂಕ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ: ಒಗರು. ಹೊಸ ಸುಟ್ಟ ಓಕ್ ಟ್ಯಾನಿನ್ ಅನ್ನೋ ಒಗರಿನ ಅಂಶ ಬಿಡುತ್ತೆ, ಹೈ ಪ್ರೂಫಿನಲ್ಲಿ ಉರಿ ಅದನ್ನ ಮುಚ್ಚಿಬಿಡುತ್ತೆ. ನುಂಗಿದ ಮೇಲೆ ನಾಲಿಗೆಯನ್ನ ಮೇಲಿನ ಅಂಗಳಕ್ಕೆ ಉಜ್ಜಿ ನೋಡಿ. ಜಾರಿದ್ರೆ ಸರಿ. ಎಳೇ ಅಡಿಕೆ ಅಗಿದ ಹಾಗೆ ಹಿಡಿದ್ರೆ ಪೀಪಾಯಿ ಅತಿಯಾಗಿದೆ. ರೈ ಇಲ್ಲದ ಬರ್ಬನ್‌ನಲ್ಲಿ ಈ ಒಗರನ್ನ ಮರೆಮಾಡೋ ಖಾರ ಇರಲ್ಲ, ಹಾಗಾಗಿ ವೀಟೆಡ್‌ನಲ್ಲಿ ಬೇಗ ಬಯಲಾಗುತ್ತೆ.

ಮೇಕರ್ಸ್ ಪ್ರೂಫ್ ಕಡಿಮೆ ಇರೋದಕ್ಕೆ ಅಂಕ ಕಳೆಯಬೇಡಿ. ಅವರು ಪೀಪಾಯಿಗೆ ತುಂಬೋದೇ 110 ಪ್ರೂಫಿನಲ್ಲಿ, ಲಾರ್ಸೆನಿ ತಯಾರಿಸೋ ಹೆವನ್ ಹಿಲ್‌ನವರು ತುಂಬೋದು ಕಾನೂನಿನ ಮಿತಿಯಾದ 125ರಲ್ಲಿ. ಕೆಂಟಕಿಯ ಉಗ್ರಾಣದ ಮೇಲಿನ ಅಂತಸ್ತುಗಳಲ್ಲಿ ಬಿಸಿಗೆ ನೀರು ಬೇಗ ಆರಿ ಪ್ರೂಫ್ ಏರುತ್ತೆ, ಕೆಳಗಿನ ತಂಪಿನಲ್ಲಿ ಇಳಿಯುತ್ತೆ. ಲಾರ್ಸೆನಿಯ ಎ121 ಬ್ಯಾಚ್ 114.8 ಬಂದಾಗ ನೀರು ಬೆರೆಸಿದ್ದಾರೆ ಅಂತ ಗುಲ್ಲೆಬ್ಬಿಸಿದೋರು ಇದನ್ನ ಯೋಚಿಸಲಿಲ್ಲ. ಅಂದ ಹಾಗೆ ಬ್ಯಾಚ್ ಗುರುತು ಓದೋದು ಹೀಗೆ: ಅಕ್ಷರ ಆ ವರ್ಷದ ಎಷ್ಟನೇ ಬಿಡುಗಡೆ ಅಂತ, ಮೊದಲ ಅಂಕಿ ತಿಂಗಳು, ಕೊನೇ ಎರಡು ವರ್ಷ. ನಿಮ್ಮ ಬಿ520 ಅಂದ್ರೆ 2020ರ ಎರಡನೇದು, ಮೇ ತಿಂಗಳದು. ಆ ವರ್ಷ ವಿಸ್ಕಿ ಅಡ್ವೊಕೇಟ್ ಪತ್ರಿಕೆ ಪಟ್ಟಿಯ ಮೊದಲ ಸ್ಥಾನ ಕೊಟ್ಟದ್ದು ಇದೇ ಬ್ಯಾಚಿಗೆ. ಜೊತೆಗೆ ಕೂರೋರಿಗೆ ಇದನ್ನ ಮೊದಲೇ ಹೇಳಬೇಡಿ, ಹೆಸರು ಮುಚ್ಚಿದ್ದು ದಂಡ ಆಗುತ್ತೆ.

ಸುರಿಯೋರು ಬೇರೆ, ಕುಡಿಯೋರು ಬೇರೆ ಇರಲಿ. ಗ್ಲಾಸಿನ ತಳಕ್ಕೆ ಗುರುತು ಹಾಕಿ. ಹಾಗೇ ಕುಡಿಯೋ ಸುತ್ತಿನಲ್ಲಿ ಕಡಿಮೆ ಪ್ರೂಫಿನಿಂದ ಜಾಸ್ತಿಗೆ ಹೋಗಿ, ಇಲ್ಲಾಂದ್ರೆ ಲಾರ್ಸೆನಿ ಆದ ಮೇಲೆ ವೆಲ್ಲರ್ ನೀರಿನ ಹಾಗೆ ಅನ್ನಿಸುತ್ತೆ. ಈ ಕ್ರಮದಲ್ಲಿ ಕೊನೇದು ಯಾವುದು ಅಂತ ಊಹಿಸಿಬಿಡ್ತಾರೆ, ಅದಕ್ಕೇ 50%ದ ಸುತ್ತನ್ನ ಮೊದಲು ಇಟ್ಟು, ಅಲ್ಲಿ ಕ್ರಮ ಕಲಸಿಬಿಡಿ. ನಡುವೆ ಉಪ್ಪಿಲ್ಲದ ಬ್ರೆಡ್, ನೀರು. ಖಾರಾಬೂಂದಿ, ಕಾಂಗ್ರೆಸ್ ಕಡಲೆಕಾಯಿ ಎಲ್ಲ ಮುಗಿದ ಮೇಲೆ.

ಪೀಪಾಯಿ_ಪುರಾಣ:

ಒಗರು_ಚೊಗರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಗೋಧಿಯಿಂದ ಏನು ಬಂತು ಅಂತಲೇ ತಿಳಿಯಬೇಕಿದ್ರೆ ನಾಲ್ಕನೇ ಗ್ಲಾಸಿಗೆ ಇಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ಹಾಕಿ. ಅದೂ ಹೆವನ್ ಹಿಲ್‌ದೇ, 78% ಮೆಕ್ಕೆಜೋಳ, 10% ರೈ, 12% ಬಾರ್ಲಿ. ಅದಕ್ಕೆ ವಯಸ್ಸು ಜಾಸ್ತಿ, ಲಾರ್ಸೆನಿ 6-8 ವರ್ಷದ್ದು, ಹಾಗಾಗಿ ಮರದ ವ್ಯತ್ಯಾಸವನ್ನ ಗೋಧಿಯ ಲೆಕ್ಕಕ್ಕೆ ಬರೆಯಬೇಡಿ. ಎರಡನ್ನೂ 50%ಗೆ ತಂದು ನಾಲಿಗೆಯ ನಡುಭಾಗದಲ್ಲಿ ಏನಾಗುತ್ತೆ ಅಂತ ಮಾತ್ರ ನೋಡಿ, ರೈ ಚುಚ್ಚೋದು ಅಲ್ಲೇ.

ಬಾಟಲಿ ಈಗಷ್ಟೇ ಬಿರಡೆ ತೆಗೆದದ್ದಾಗಿದ್ರೆ ಮೊದಲ ಪೆಗ್ಗಿನಿಂದ ತೀರ್ಮಾನ ಬೇಡ. ಕುತ್ತಿಗೆಯವರೆಗೂ ತುಂಬಿದ್ದಾಗ ಘಾಟು ಜಾಸ್ತಿ ಅನ್ನಿಸೋದು ಉಂಟು. 60 ಮಿಲೀ ತೆಗೆದು ಒಂದೆರಡು ವಾರ ಬಿಟ್ಟು ಮತ್ತೆ ನೋಡಿ. ನಿಲ್ಲಿಸಿಯೇ ಇಡಿ, ಮಲಗಿಸಿದ್ರೆ ಈ ಪ್ರೂಫ್ ಕಾರ್ಕನ್ನ ತಿಂದುಹಾಕುತ್ತೆ. ಟೇಬಲ್ ಮೇಲೆ ಮೇಣದಬತ್ತಿ ಬೇಡ, 60%ರ ಆವಿ ಕೋಣೆಯ ಶಾಖದಲ್ಲೇ ಕಿಡಿ ತಾಗಿದ್ರೆ ಹೊತ್ತಿಕೊಳ್ಳಬಹುದು.