ಮುತ್ಯಾನ ಟ್ರಂಕಿನಲ್ಲಿರುವ ಪದಕ ವೀರಚಕ್ರವೇ? ತಿಳಿಯುವುದು ಹೇಗೆ?

ಗೋಕಾಕ ತಾಲ್ಲೂಕಿನಿಂದ ಬಂದ ಪ್ರಶ್ನೆ

ನಮ್ಮ ಮುತ್ಯಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿದ್ದರು. 1971ರ ಯುದ್ಧದಲ್ಲಿ ಅವರಿಗೆ ವೀರಚಕ್ರ ಬಂದಿತ್ತೆಂದು ಊರೆಲ್ಲ ಹೇಳುತ್ತದೆ. ಬದುಕಿದ್ದಾಗ ನಾವು ಕೇಳಿದರೆ ನಕ್ಕು ಎಲೆ-ಅಡಿಕೆ ಚೀಲ ಬಿಚ್ಚುತ್ತಿದ್ದರು. ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಈಗ ಊರ ಶಾಲೆಗೆ ಹೊಸ ಮಹಾದ್ವಾರ ಕಟ್ಟುತ್ತಿದ್ದಾರೆ. ಅದರ ಕಲ್ಲಿನ ಮೇಲೆ ಮುತ್ಯಾನ ಹೆಸರು, ಕೆಳಗೆ ‘ವೀರಚಕ್ರ ಪುರಸ್ಕೃತ’ ಎಂದು ಕೆತ್ತಿಸಲು ಪಂಚರು ತಯಾರಾಗಿದ್ದಾರೆ. ಟ್ರಂಕಿನಲ್ಲಿ ನಾಲ್ಕು ಪದಕಗಳಿವೆ. ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ, ಅಂದರೆ ಡಿಸ್ಚಾರ್ಜ್ ಬುಕ್ಕನ್ನು ಗೆದ್ದಲು ತಿಂದು ಮೊದಲ ಎರಡು ಹಾಳೆ ಉಳಿಸಿದೆ. ಇಂಥ ಹುಡುಕಾಟ ಮಾಡಿದವರು ಯಾರಾದರೂ ಇದ್ದರೆ ಎಲ್ಲಿಂದ ಆರಂಭಿಸಬೇಕು ಎಂದು ತಿಳಿಸಿ.

ಬೆಳಗಾವಿಯ ಒಬ್ಬ ನಿವೃತ್ತ ಸುಬೇದಾರರು

ನಿನ್ನ ಮುತ್ಯಾ ನನ್ನ ರೆಜಿಮೆಂಟಿನವರು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೊದಲ ಕೆಲಸ, ಪದಕಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡ. ನನ್ನ ಕಣ್ಣೆದುರೇ ಒಂದು ಮನೆಯಲ್ಲಿ ಸೊಸೆಯೊಬ್ಬಳು ಭಕ್ತಿಯಿಂದ ತಿಕ್ಕಿ ತಿಕ್ಕಿ ಮಾವನ ನಂಬರನ್ನೇ ಅಳಿಸಿಬಿಟ್ಟಿದ್ದಳು. ದುಂಡನೆಯ ಪದಕಗಳ ಅಂಚಿನ ಮೇಲೆ ಸೈನಿಕನ ನಂಬರು, ಹುದ್ದೆ, ಹೆಸರು, ದಳ ಇವುಗಳನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ನಕ್ಷತ್ರದ ಆಕಾರದ್ದಿದ್ದರೆ ತಿರುಗಿಸಿ ನೋಡು. ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಬೆಳಕನ್ನು ಪಕ್ಕದಿಂದ ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಬರುತ್ತದೆ.

ಎರಡನೆಯದು, ನಾಲ್ಕು ಪದಕಗಳಿವೆ ಎಂದ ಮಾತ್ರಕ್ಕೆ ಹಿಗ್ಗಬೇಡ. ಯುದ್ಧದಲ್ಲಿ ಇದ್ದವರಿಗೆಲ್ಲ ಕೊಡುವ ಪದಕ ಬೇರೆ, ಶೌರ್ಯಕ್ಕೆ ಕೊಡುವುದು ಬೇರೆ. 1971ರಲ್ಲಿ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್ ಬಂದವು. ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಇನ್ನೊಂದು ಬಂತು. ಆಗಸ್ಟ್ 15ಕ್ಕೆ ಎದೆಯ ಮೇಲೆ ಇವಿಷ್ಟನ್ನು ತೂಗಿಸಿಕೊಂಡು ಶಾಲೆಯ ಅಂಗಳಕ್ಕೆ ಹೋದರೆ ಊರಿನವರ ಬಾಯಲ್ಲಿ ಎಲ್ಲವೂ ವೀರಚಕ್ರವೇ. ನನಗೂ ನಮ್ಮೂರಿನಲ್ಲಿ ಆ ಬಿರುದು ಇದೆ. ತಿದ್ದಿ ತಿದ್ದಿ ಸಾಕಾಗಿದೆ.

ವೀರಚಕ್ರ ಬೆಳ್ಳಿಯದು, ದುಂಡಗಿರುತ್ತದೆ. ಮುಂದೆ ಐದು ಮೊನೆಯ ನಕ್ಷತ್ರ, ಅದರ ನಡುವೆ ಚಕ್ರ. ಹಿಂದೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೆಸರು, ನಡುವೆ ಎರಡು ಕಮಲ. ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಮಹಾವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕೇಸರಿ. ಪರಮವೀರ ಚಕ್ರದ್ದು ಬರೀ ನೇರಳೆ, ಅದೂ ಕಂಚಿನ ಪದಕ. ಸೇನಾ ಮೆಡಲಿನದು ಕೆಂಪು, ನಡುವೆ ಒಂದು ಬಿಳಿ ಗೆರೆ. ಆದರೆ ರಿಬ್ಬನ್ ಒಂದನ್ನೇ ನಂಬಬೇಡ. ಹಳೆಯದು ಹರಿದಾಗ ಅಂಗಡಿಯಲ್ಲಿ ಸಿಕ್ಕ ಬಣ್ಣದ್ದನ್ನು ಹೊಲಿಸಿಕೊಂಡವರು ಬಹಳ ಮಂದಿ.

ಇನ್ನು ಎಲ್ಲರೂ ಮರೆಯುವ ಒಂದು ಸಂಗತಿ. ಯುದ್ಧ ಪದಕದ ರಿಬ್ಬನ್ ಮೇಲೆ ಚಿಕ್ಕ ಕಂಚಿನ ಕಮಲದೆಲೆ ಇದೆಯೇ ನೋಡು. ಇದ್ದರೆ ಅದು ‘ಮೆನ್ಶನ್ ಇನ್ ಡಿಸ್ಪ್ಯಾಚಸ್’. ಸೇನಾಪತಿಯ ವರದಿಯಲ್ಲಿ ಹೆಸರು ಬಂದಿದೆ ಎಂದು ಅರ್ಥ. ಅದಕ್ಕೆಂದು ಪ್ರತ್ಯೇಕ ಪದಕವಿಲ್ಲ, ಎಲೆಯೇ ಮರ್ಯಾದೆ.

ಡಿಸ್ಚಾರ್ಜ್ ಬುಕ್ಕಿನ ಮೊದಲ ಹಾಳೆ ಉಳಿದಿದ್ದರೆ ಅದರಲ್ಲಿ ನಂಬರು ಇರಲೇಬೇಕು. 27ರಿಂದ ಆರಂಭವಾಗಿದ್ದರೆ ಮರಾಠಾ. ನಂಬರು ಸೈನಿಕನನ್ನು ಮೊದಲು ಭರ್ತಿಯಾದ ರೆಜಿಮೆಂಟಿಗೆ ಕಟ್ಟಿಹಾಕುತ್ತದೆ. ಪರಮವೀರ ಆಲ್ಬರ್ಟ್ ಎಕ್ಕಾ ಅವರು ಈಗಿನ ಬಾಂಗ್ಲಾದೇಶದ ಗಂಗಾಸಾಗರದಲ್ಲಿ 14 ಗಾರ್ಡ್ಸ್ ಎಂಬ ಪಲ್ಟನ್‌ನಲ್ಲಿದ್ದು ಮಡಿದರು. ಆದರೆ ಅವರ ನಂಬರು 42ರಿಂದ ಆರಂಭವಾಗುತ್ತದೆ, ಏಕೆಂದರೆ ಅವರು ಮೊದಲು ಸೇರಿದ್ದು ಬಿಹಾರ ರೆಜಿಮೆಂಟಿಗೆ. ಇದು ಗೊತ್ತಿಲ್ಲದವರು ತಪ್ಪು ದಾಖಲೆ ಕಚೇರಿಗೆ ಪತ್ರ ಬರೆದು ಆರು ತಿಂಗಳು ಕಾಯುತ್ತಾರೆ.

ಹುಬ್ಬಳ್ಳಿಯ ಒಬ್ಬ ವಕೀಲರು

ನನ್ನ ತಂದೆ 1965ರ ಯುದ್ಧದಲ್ಲಿದ್ದರು. ಅವರ ಕಾಗದಗಳಿಗಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನು ಎರಡು ಬಾರಿ ಹಾಕಿದ್ದೇನೆ. ಮೊದಲ ಬಾರಿ ವಕೀಲನ ಧಿಮಾಕಿನಲ್ಲಿ ಒಂದೂವರೆ ಪುಟ ಬರೆದು, ‘ಇವರು ಯಾವ ಶೌರ್ಯ ತೋರಿದರು, ಯಾಕೆ ಪದಕ ಕೊಡಲಾಯಿತು ಅಥವಾ ಕೊಡಲಿಲ್ಲ’ ಎಂದು ಕೇಳಿದ್ದೆ. ವೈಯಕ್ತಿಕ ಮಾಹಿತಿ, ಕೊಡಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ತಪ್ಪು ನನ್ನದೇ. ಆ ಕಾಯ್ದೆಯಡಿ ಕಚೇರಿಯಲ್ಲಿರುವ ಕಾಗದದ ಪ್ರತಿ ಸಿಗುತ್ತದೆಯೇ ಹೊರತು ‘ಯಾಕೆ’ ಎಂಬುದಕ್ಕೆ ವಿವರಣೆ ಸಿಗುವುದಿಲ್ಲ.

ಎರಡನೆಯ ಬಾರಿ ಅರ್ಧ ಪುಟ ಬರೆದೆ. ನಂಬರು, ಹುದ್ದೆ, ಹೆಸರು, ಭರ್ತಿಯಾದ ವರ್ಷ, ನಿವೃತ್ತಿಯ ವರ್ಷ. ನಾನು ಮಗ ಎಂಬುದಕ್ಕೆ ದಾಖಲೆ, ಮರಣ ಪ್ರಮಾಣಪತ್ರ. ಆಮೇಲೆ ಬೇಕಾದ ಕಾಗದಗಳ ಹೆಸರು: ಲಾಂಗ್ ರೋಲಿನಲ್ಲಿ (ಭರ್ತಿಯಾದ ಎಲ್ಲರ ಹೆಸರಿರುವ ದೊಡ್ಡ ಪುಸ್ತಕ) ಅವರ ಸಾಲಿನ ನಕಲು, ಶೀಟ್ ರೋಲ್ (ಒಬ್ಬೊಬ್ಬ ಸೈನಿಕನ ಸೇವಾ ದಾಖಲೆ) ಉಳಿದಿದ್ದರೆ ಅದರ ನಕಲು, ಪದಕಗಳನ್ನು ನಮೂದಿಸಿದ ಪಾರ್ಟ್ ಟು ಆರ್ಡರಿನ (ಸೈನಿಕರ ಸೇವಾ ವಿವರ ದಾಖಲಿಸುವ ದಳದ ಆದೇಶ) ನಕಲು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಮೂವತ್ತು ದಿನದ ಗಡುವಿನೊಳಗೇ ಉತ್ತರ ಬಂತು. ಶೀಟ್ ರೋಲ್ ಅವಧಿ ಮುಗಿದು ನಾಶವಾಗಿತ್ತು, ಲಾಂಗ್ ರೋಲಿನ ಸಾಲು ಸಿಕ್ಕಿತು. ನಿಮ್ಮ ಅರ್ಜಿ ಹೋಗಬೇಕಾದದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯ ದಾಖಲೆ ಕಚೇರಿಗೆ. ಅದು ಬೆಳಗಾವಿಯಲ್ಲೇ ಇದೆ, ನಿಮ್ಮ ಅದೃಷ್ಟ. ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಮಾಜಿ ಸೈನಿಕರ ಗುರುತಿನ ಚೀಟಿಯ ಕಡತ ಇದೆಯೇ ಕೇಳಿ.

ಅದಕ್ಕಿಂತ ಸುಲಭದ ದಾರಿ ಒಂದಿದೆ, ಕುಳಿತಲ್ಲೇ ಆಗುತ್ತದೆ. ವೀರಚಕ್ರ ನಿಜವಾಗಿಯೂ ಬಂದಿದ್ದರೆ ಅದು ಭಾರತದ ರಾಜಪತ್ರದಲ್ಲಿ (ಗೆಜೆಟ್), ಮೊದಲ ಭಾಗದ ಮೊದಲ ವಿಭಾಗದಲ್ಲಿ, ರಾಷ್ಟ್ರಪತಿ ಸಚಿವಾಲಯದ ಅಧಿಸೂಚನೆಯಾಗಿ ಅಚ್ಚಾಗಿರಲೇಬೇಕು. ಅಧಿಸೂಚನೆಯ ಸಂಖ್ಯೆಯ ಪಕ್ಕ ‘ಪ್ರೆಸ್’ ಎಂದಿರುತ್ತದೆ. ಅದು ಪ್ರೆಸಿಡೆಂಟ್ ಎಂಬುದರ ಚುಟುಕು ರೂಪ. ನಾನು ಅದನ್ನು ಪತ್ರಿಕಾ ಪ್ರಕಟಣೆ ಎಂದುಕೊಂಡು ಬಹಳ ದಿನ ಕಡೆಗಣಿಸಿದ್ದೆ. ಯುದ್ಧ ನಡೆದದ್ದು 1971ರ ಡಿಸೆಂಬರಿನಲ್ಲಿ, ಆದ್ದರಿಂದ 1972ರ ಸಂಚಿಕೆಗಳನ್ನು ಬಿಡಬೇಡಿ. ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲೂ ಹೆಸರು ಹಾಕಿ ಹುಡುಕಬಹುದು.

ಇನ್ನೊಂದು ಮಾತು. ನಿಮ್ಮ ಅಜ್ಜಿ ಇದ್ದಾರೆಯೇ? ವೀರಚಕ್ರಕ್ಕೆ ಪ್ರತಿ ತಿಂಗಳು ಭತ್ಯೆ ಇದೆ, 2017ರಲ್ಲಿ ಅದನ್ನು ಏಳು ಸಾವಿರ ರೂಪಾಯಿ ಮಾಡಿದರು. ಪುರಸ್ಕೃತರು ತೀರಿಕೊಂಡರೆ ಪತ್ನಿಗೆ ಸಲ್ಲುತ್ತದೆ. ಪಿಂಚಣಿ ಆದೇಶ ಮತ್ತು ಪಾಸ್‌ಬುಕ್ ತೆಗೆದು ನೋಡಿ.

ಬೆಂಗಳೂರಿನ ಒಬ್ಬ ಶಿಕ್ಷಕಿ

ನನ್ನ ಹುಡುಕಾಟ ಎರಡನೆಯ ಮಹಾಯುದ್ಧದ್ದು. ಪ್ರಶ್ನೆ ಕೇಳಿದವರಿಗೆ ನೇರವಾಗಿ ಉಪಯೋಗವಾಗಲಿಕ್ಕಿಲ್ಲ, ಆದರೆ ಅದಕ್ಕೂ ಹಿಂದಿನ ತಲೆಮಾರಿನವರನ್ನು ಹುಡುಕುವವರು ಇಲ್ಲಿರಬಹುದು.

ನನ್ನ ಅಜ್ಜನ ಅಣ್ಣ ಹಲಸೂರು ಕೆರೆಯ ಪಕ್ಕದ, ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ‘ದೊಡ್ಡ ತಾತನಿಗೆ ವಿಕ್ಟೋರಿಯಾ ಕ್ರಾಸ್ ಬಂದಿತ್ತು, ಬಿಳಿಯರು ಕಿತ್ತುಕೊಂಡರು’ ಎಂಬುದು ನಮ್ಮ ಮನೆಯ ಪುರಾಣ. ಅದು ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ. ಭಾರತೀಯ ಸೈನಿಕರಿಗೆ ಆ ಪದಕದ ಬಾಗಿಲು ತೆರೆದದ್ದೇ 1911ರಲ್ಲಿ. ಅದನ್ನು ಮೊದಲು ಪಡೆದ ಖುದಾದಾದ್ ಖಾನ್ ಅವರಿಂದ ಹಿಡಿದು ಎಲ್ಲರ ಪಟ್ಟಿಯೂ ಬಹಿರಂಗವಾಗಿದೆ. ಅದರಲ್ಲಿ ನಮ್ಮ ತಾತ ಇಲ್ಲ ಎಂದು ತಿಳಿಯಲು ನನಗೆ ಹತ್ತು ನಿಮಿಷ ಸಾಕಾಯಿತು, ಮನೆಯವರಿಗೆ ಹೇಳಲು ಎರಡು ವರ್ಷ ಬೇಕಾಯಿತು.

ಆಗಿನ ಸಾಮಾನ್ಯ ಸಿಪಾಯಿಗೆ ಸಿಗುತ್ತಿದ್ದ ಪದಕಗಳ ಹೆಸರು ಈಗ ಯಾರಿಗೂ ನೆನಪಿಲ್ಲ. ಇಂಡಿಯನ್ ಆರ್ಡರ್ ಆಫ್ ಮೆರಿಟ್, ಕಂಪನಿ ಸರ್ಕಾರ 1837ರಲ್ಲೇ ಆರಂಭಿಸಿದ್ದು. ಅದರ ಕೆಳಗೆ 1907ರಲ್ಲಿ ಬಂದ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ಇವನ್ನು ಹುಡುಕಲು ಲಂಡನ್ ಗೆಜೆಟ್ ಇದೆ, ಅಂತರ್ಜಾಲದಲ್ಲಿ ಉಚಿತ. ಆದರೆ ಗೆಜೆಟಿನಲ್ಲಿ ಸಾಮಾನ್ಯವಾಗಿ ಹೆಸರಷ್ಟೇ ಸಿಗುತ್ತದೆ, ಕಥೆ ಸಿಗುವುದಿಲ್ಲ. ಕಥೆ ಇರುವುದು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ‘ಡಬ್ಲ್ಯೂಒ 373’ ಎಂಬ ಸಂಗ್ರಹದಲ್ಲಿ. ಎರಡನೆಯ ಮಹಾಯುದ್ಧದ ಶಿಫಾರಸು ಪತ್ರಗಳು ಅಲ್ಲಿವೆ. ಅಲ್ಲಿನ ಸೂಚಿಯನ್ನು ನೋಡಲು ಹಣ ಬೇಡ.

ತಾತನ ಶಿಫಾರಸು ಒಂದೇ ಹಾಳೆಯದು. ಎಡಕ್ಕೆ ದಳದ ಹೆಸರು, ನಡುವೆ ಹತ್ತು-ಹನ್ನೆರಡು ಸಾಲಿನ ವರ್ಣನೆ, ಬಲಕ್ಕೆ ಬ್ರಿಗೇಡಿನಿಂದ ಸೇನಾಪತಿಯವರೆಗೆ ಒಬ್ಬೊಬ್ಬರ ಸಹಿ. ಕಮಾಂಡರ್ ಕೇಳಿದ್ದು ಆರ್ಡರ್ ಆಫ್ ಮೆರಿಟ್. ಮೇಲೆ ಯಾರೋ ಅದನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ ಒಂದು ಮೆಟ್ಟಿಲು ಇಳಿಸಿದ್ದಾರೆ. ಆ ಪೆನ್ಸಿಲ್ ಗೆರೆ ನೋಡಿದ ದಿನ ನನಗೆ ಮನೆಯ ಪುರಾಣದ ಬೇರು ಕಂಡಿತು. ‘ಕಿತ್ತುಕೊಂಡರು’ ಎಂಬುದು ಪೂರ್ತಿ ಸುಳ್ಳಾಗಿರಲಿಲ್ಲ.

ಒಂದು ಎಚ್ಚರಿಕೆ: ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ ನಮ್ಮ ಹೆಸರುಗಳು ದಾಖಲಾಗಿವೆ. ನಾನು ತಾತನ ಹೆಸರನ್ನು ಹನ್ನೊಂದು ರೀತಿಯಲ್ಲಿ ಬರೆದು ಹುಡುಕಿದೆ, ಸಿಗಲಿಲ್ಲ. ನಂಬರು ಹಾಕಿದ ಕೂಡಲೇ ಸಿಕ್ಕಿತು. ಹೆಸರಿನ ಕೊನೆಯ ‘ಅಪ್ಪ’ವನ್ನು ಬೇರೆ ಮಾಡಿ ಮನೆತನದ ಹೆಸರಿನಂತೆ ಮುಂದೆ ಇಟ್ಟಿದ್ದರು.

ಮೈಸೂರಿನಿಂದ ಒಬ್ಬರು

ಸಂಸ್ಥಾನದ ಸೇನೆಯವರನ್ನು ಹುಡುಕುವವರಿಗೆ ಒಂದು ಸಣ್ಣ ಸೂಚನೆ. ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಹಿಡಿದ ದಳ ಅದು. ಅವರು ಮಹಾರಾಜರ ಸೇವೆಯಲ್ಲಿದ್ದವರು, ಬ್ರಿಟಿಷ್ ಭಾರತದ ಸೇನೆಯಲ್ಲಿ ಅಲ್ಲ. ಆದ್ದರಿಂದ ದೆಹಲಿ, ಲಂಡನ್ ಎಂದು ಓಡುವ ಮುನ್ನ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳನ್ನು ಕೇಳಿ. ನಮ್ಮ ಮನೆಯಲ್ಲಿರುವುದು ಯುದ್ಧ ಪದಕ ಮತ್ತು ವಿಜಯ ಪದಕ, ಎರಡೂ ಎಲ್ಲರಿಗೂ ಬಂದವು. ಅದಕ್ಕೆ ನನಗೇನೂ ಬೇಸರವಿಲ್ಲ. ಕುದುರೆ ಮೇಲೆ ಕುಳಿತು ಮೆಷಿನ್ ಗನ್ನಿಗೆ ಎದುರಾಗಿ ಹೋದವರಲ್ಲಿ ಯಾರು ಶೂರರು, ಯಾರು ಅಲ್ಲ ಎಂದು ಆರಿಸಿದವರ ಕಷ್ಟ ದೇವರಿಗೇ ಗೊತ್ತು.

ವಿಜಯಪುರದಿಂದ ಒಬ್ಬರು

ಇಷ್ಟೆಲ್ಲ ಯಾಕೆ? ಊರು ನಂಬಿದೆ, ಮನುಷ್ಯ ಯುದ್ಧ ಮಾಡಿದ್ದು ನಿಜ. ಕೆತ್ತಿಸಿಬಿಡಿ. ಯಾರಿಗೆ ನಷ್ಟ?

ಬೆಳಗಾವಿಯ ಸುಬೇದಾರರು ಮತ್ತೆ

ನಷ್ಟ ಇವನ ಮುತ್ಯಾನಿಗೇ. ವೀರಚಕ್ರದ ಪಟ್ಟಿ ಗುಟ್ಟಿನದಲ್ಲ. ಐದು ವರ್ಷ ಬಿಟ್ಟು ಅದೇ ಶಾಲೆಯ ಹುಡುಗನೊಬ್ಬ ಮೊಬೈಲ್ ತೆಗೆದು ಹುಡುಕಿ ‘ಇವರ ಹೆಸರು ಇಲ್ಲವಲ್ಲ ಸರ್’ ಎಂದರೆ, ಜೀವನದಲ್ಲಿ ಒಂದು ಸುಳ್ಳೂ ಹೇಳದೆ ಎಲೆ-ಅಡಿಕೆ ಹಾಕಿಕೊಂಡು ಸುಮ್ಮನಿದ್ದ ಮನುಷ್ಯ ಕಲ್ಲಿನ ಮೇಲೆ ಸುಳ್ಳುಗಾರನಾಗುತ್ತಾನೆ.

ಮಡಿಕೇರಿಯಿಂದ ಒಬ್ಬರು

ಸುಬೇದಾರರ ಮಾತು ಒಪ್ಪಿದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಕಡತ ಮುಚ್ಚಬೇಡಿ ಎಂದು ನಮ್ಮ ಕೊಡಗಿನ ಅನುಭವದಿಂದ ಹೇಳುತ್ತೇನೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ಅಧಿಕಾರಿ, ಸಿಪಾಯಿಯಲ್ಲ. ಆದರೂ ಅವರ ಕಥೆ ಇಲ್ಲಿ ಹೊಂದುತ್ತದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಒಬ್ಬರೇ ಹಿಂದಿರುಗಿ ನಿಂತು, ತಮಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಅವರು ಹೊಡೆದುರುಳಿಸಿದ್ದು ನಮ್ಮ ಕಡೆಯವರಿಗೆ ಗೊತ್ತೇ ಇರಲಿಲ್ಲ. ನೋಡಿದ ನಮ್ಮವರು ಯಾರೂ ಇರಲಿಲ್ಲವಲ್ಲ. ವರ್ಷಗಳ ನಂತರ ಎದುರಾಳಿ ಪಾಳಯದ ಕಡೆಯ ಬರಹದಿಂದ ವಿಷಯ ಹೊರಬಂತು. ಮಹಾವೀರ ಚಕ್ರವನ್ನು 1988ರಲ್ಲಿ ಅವರ ಪತ್ನಿ ಸ್ವೀಕರಿಸಿದರು, ಇಪ್ಪತ್ಮೂರು ವರ್ಷಗಳ ಬಳಿಕ.

ಶಿಫಾರಸು ಬರೆಯಲು ಒಬ್ಬ ಸಾಕ್ಷಿ ಬೇಕು, ಬರೆಯುವ ಅಧಿಕಾರಿ ಮಾರನೆಯ ದಿನ ಬದುಕಿರಬೇಕು. ಆದ್ದರಿಂದ ಕಾಗದದ ಜೊತೆಗೆ ಮನುಷ್ಯರನ್ನೂ ಹುಡುಕಿ. ಆ ಪಲ್ಟನ್ನಿನ ಮಾಜಿ ಸೈನಿಕರು ಸುತ್ತಲಿನ ಊರುಗಳಲ್ಲಿ ಇನ್ನೂ ಕೆಲವರಿರಬಹುದು, ವಯಸ್ಸು ಎಪ್ಪತ್ತೈದು ದಾಟಿರುತ್ತದೆ. ಅರ್ಜಿಗೆ ಉತ್ತರ ಬಂದ ಮೇಲೆ ಹೋಗುತ್ತೇನೆ ಎಂದು ಕಾಯಬೇಡಿ.

ಗೋಕಾಕದಿಂದ, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಶರಣು. ತಿಕ್ಕಲಿಲ್ಲ, ಬ್ಯಾಟರಿ ಹಚ್ಚಿ ನೋಡಿದೆ. ನಂಬರು 27ರಿಂದಲೇ ಆರಂಭವಾಗುತ್ತದೆ, ಡಿಸ್ಚಾರ್ಜ್ ಬುಕ್ಕಿನದಕ್ಕೂ ಇದಕ್ಕೂ ತಾಳೆಯಾಯಿತು. ನಕ್ಷತ್ರ ಪೂರ್ವಿ ಸ್ಟಾರ್. ಉಳಿದವು ಸಂಗ್ರಾಮ್ ಮೆಡಲ್, ಇಪ್ಪತ್ತೈದನೆಯ ವರ್ಷದ್ದು, ಇನ್ನೊಂದು ದೀರ್ಘ ಸೇವೆಯದು. ನೀಲಿ-ಕೇಸರಿ ರಿಬ್ಬನ್ ಯಾವುದಕ್ಕೂ ಇಲ್ಲ. ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಪಿಂಚಣಿ ಬಿಟ್ಟರೆ ಬೇರೆ ಭತ್ಯೆ ಇಲ್ಲ. ರಾಜಪತ್ರದಲ್ಲೂ ಹೆಸರು ಸಿಗಲಿಲ್ಲ.

ಆದರೆ ಪೂರ್ವಿ ಸ್ಟಾರ್‌ನ ರಿಬ್ಬನ್ ಮೇಲೆ ಎರಡು ಸಣ್ಣ ತೂತುಗಳಿವೆ, ಸುತ್ತ ಹಸಿರು ಕಲೆ. ಏನೋ ಚುಚ್ಚಿದ್ದು ಬಿದ್ದುಹೋದ ಹಾಗೆ. ಅಜ್ಜಿಯನ್ನು ಕೇಳಿದರೆ, ‘ಒಂದು ಎಲೆ ಇತ್ತಲ್ಲ, ನಿಮ್ಮಪ್ಪ ಚಿಕ್ಕವನಿದ್ದಾಗ ಆಡಲು ತೆಗೆದುಕೊಂಡಿದ್ದ’ ಎಂದರು. ಟ್ರಂಕನ್ನು ಬೋರಲು ಹಾಕಿ ಹುಡುಕಿದೆವು, ಸಿಗಲಿಲ್ಲ.

ಮುತ್ಯಾ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ಹೆಸರು ಹೇಳುತ್ತಿದ್ದರು ಎಂದು ಅಜ್ಜಿಗೆ ನೆನಪಿದೆ. ಮೊದಲ ಮರಾಠಾ, ಅಂದರೆ ಅವರ ರೆಜಿಮೆಂಟಿನ ಜಂಗಿ ಪಲ್ಟನ್ ಎಂಬ ಮೊದಲ ಬೆಟಾಲಿಯನ್, ಡಿಸೆಂಬರಿನಲ್ಲಿ ಅಲ್ಲಿ ಹೋರಾಡಿತ್ತು ಎಂದು ಓದಿದೆ. ಘಟಪ್ರಭಾದ ಹತ್ತಿರ ಅದೇ ಪಲ್ಟನ್ನಿನ ಹಿರಿಯರೊಬ್ಬರು ಇದ್ದಾರಂತೆ, ಭಾನುವಾರ ಹೋಗುತ್ತಿದ್ದೇನೆ. ವಕೀಲರು ಹೇಳಿದಂತೆ ಅರ್ಧ ಪುಟದ ಅರ್ಜಿಯನ್ನು ಅಜ್ಜಿಯ ಹೆಬ್ಬೆಟ್ಟು ಹಾಕಿಸಿ ಕಳಿಸಿದೆ.

ಕಲ್ಲು ಬಂದು ಶಾಲೆಯ ಅಂಗಳದಲ್ಲಿ ಬಿದ್ದಿದೆ. ಪಂಚರಿಗೆ ಹೇಳಿ ಒಪ್ಪಿಸಿದ್ದೇನೆ. ಸದ್ಯ ಹೆಸರು, ಹುದ್ದೆ, ಪಲ್ಟನ್ನಿನ ಹೆಸರು ಕೆತ್ತುತ್ತಾರೆ. ಕೆಳಗೆ ಒಂದು ಸಾಲಿನ ಜಾಗ ಖಾಲಿ ಬಿಡಿ ಎಂದಿದ್ದೇನೆ.