ಮಗನ ಬಲಗೈ ಏಳ್ತಿಲ್ಲ, ಎಎಫ್‌ಎಂ (ಬೆನ್ನುಹುರಿ ಊದಿ ಕೈಕಾಲು ದಿಢೀರ್ ಸೋಲೋ ಕಾಯಿಲೆ) ಅಂತಿದ್ದಾರೆ

ಡೆನ್ವರ್‌ಅಪ್ಪ: ಐದು ವರ್ಷದವನು. ವಾರದ ಹಿಂದೆ ನೆಗಡಿ, ಜ್ವರ. ಮೊನ್ನೆ ಬೆಳಿಗ್ಗೆ ದೋಸೆ ಮುರಿಯೋಕೆ ಹೋದ, ತೋಳು ಒದ್ದೆ ಟವೆಲ್ ಥರ ಜೋತುಬಿತ್ತು. ಮೊದಲು ನೋಡಿದ ಡಾಕ್ಟರು ‘ಉಳುಕಿರಬೇಕು’ ಅಂದ್ರು. ಎಂಆರ್‌ಐಯಲ್ಲಿ ಬೆನ್ನುಹುರಿಯ ಬೂದು ಭಾಗಕ್ಕೆ ಪೆಟ್ಟು. ಪೋಲಿಯೋ ಲಸಿಕೆ ಎಲ್ಲಾ ಹಾಕ್ಸಿದ್ವಲ್ರೀ!

ನರ್ಸಕ್ಕ: ಇದು ಪೋಲಿಯೋ ಅಲ್ಲಪ್ಪ, ಆ ಲಸಿಕೆ ಇದನ್ನ ತಡೆಯಲ್ಲ. ಹೆಚ್ಚಾಗಿ ಎಂಟೆರೋವೈರಸ್ ಡಿ68 ಅನ್ನೋ, ನೆಗಡಿ ತರೋ ವೈರಸ್‌ನ ನಂಟು. 2018ರಲ್ಲಿ ಅಮೆರಿಕದಲ್ಲಿ 238 ಕೇಸ್ ಖಚಿತವಾಗಿದ್ವು. ನುಂಗೋಕೆ, ಉಸಿರಾಡೋಕೆ ಕಷ್ಟ ಅನ್ನಿಸಿದ್ರೆ ಒಂದು ನಿಮಿಷಾನೂ ಕಾಯಬೇಡಿ.

ಮೈಸೂರಮ್ಮ: ನಮ್ಮ ಮಗಳಿಗೆ 2016ರಲ್ಲಿ, ಎಡಗಾಲು. ಈಗ ಓಡ್ತಾಳೆ, ಸ್ವಲ್ಪ ಎಳೆದು. ಫಿಸಿಯೋ ಬಿಡಬೇಡಿ. ನರ ಜೋಡಿಸೋ ಆಪರೇಷನ್ ಬಗ್ಗೆ ಈಗಲೇ ಕೇಳಿಡಿ, ತಡವಾದ್ರೆ ಸ್ನಾಯು ಸೊರಗುತ್ತೆ.

ಡೆನ್ವರ್‌ಅಪ್ಪ: ಇವತ್ತು ನನ್ನ ಕಿರುಬೆರಳು ಹಿಡ್ಕೊಂಡ. ಭುಜ ಮಾತ್ರ ಇನ್ನೂ ಅಲ್ಲಾಡಿಲ್ಲ.