ವಕೀಲರನ್ನ ಕೇಳಿ: ಡೇಟಾ ಸೆಂಟರ್ ಬಗ್ಗೆ ಊರವರೇ ವೋಟ್ ಹಾಕ್ಬೋದಾ? (ಮಿಷಿಗನ್)

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಾವಿರೋದು ಆನ್ ಆರ್ಬರ್ ಹತ್ರ ಒಂದು ಟೌನ್‌ಶಿಪ್‌ನಲ್ಲಿ (ನಮ್ಮ ಕಡೆ ಪಂಚಾಯ್ತಿ ಇದ್ದಂಗೆ), ಸುತ್ತ ಬರೀ ಸೋಯಾ, ಮೆಕ್ಕೆಜೋಳದ ಹೊಲ. ಈ ವಾರ ನಮ್ಮ ಟೌನ್‌ಶಿಪ್ ಬೋರ್ಡ್‌ನವರು ನೂರಾರು ಎಕರೆ ಹೊಲಾನ ಡೇಟಾ ಸೆಂಟರ್‌ಗೆ ಅಂತ ರೀಜೋನ್ ಮಾಡ್ಬಿಟ್ರು, ಅಂದ್ರೆ ಆ ಜಾಗದ ಬಳಕೆನೇ ಬದಲಾಯ್ಸಿದ್ರು, ಮೀಟಿಂಗಲ್ಲಿ ಅಷ್ಟು ಜನ ಬೇಡ ಅಂತ ಕೂಗಾಡಿದ್ರೂ ಕೇಳ್ಲಿಲ್ಲ. ಈಗ ಪಕ್ಕದ್ಮನೆಯವರು ರೆಫರೆಂಡಂ (ಊರವರ ವೋಟ್) ಮಾಡ್ಸೋಣ, ಪೆಟಿಷನ್‌ಗೆ ಸಹಿ ಹಾಕಿ ಅಂತ ಬಂದಿದ್ರು. ನಾನು ಸಿಟಿಜನ್, ನಮ್ಮೆಜಮಾನ್ರದ್ದು ಇನ್ನೂ ಗ್ರೀನ್ ಕಾರ್ಡ್, ಅವ್ರ ಕೆಲ್ಸಾನೂ ಕ್ಲೌಡ್ ಕಂಪನೀಲೇ. "ಇದೆಲ್ಲ ಎಕ್ಸ್‌ಪರ್ಟ್‌ಗಳು ನೋಡ್ಕೋಬೇಕಾದ್ದು, ಜನ ವೋಟ್ ಹಾಕಿ ಡಿಸೈಡ್ ಮಾಡೋ ವಿಷ್ಯಾನಾ, ನಮಗ್ಯಾಕೆ ಇಲ್ಲದ ಉಸಾಬರಿ" ಅಂತಾರೆ. ಸಹಿ ಹಾಕ್ಬೋದಾ? ಹಾಕಿದ್ರೆ ಏನಾದ್ರೂ ಪ್ರಯೋಜನ ಇದ್ಯಾ?

ಉತ್ತರ (ಲ್ಯಾಂಡ್ ಯೂಸ್ ವಕೀಲ, ಮಿಷಿಗನ್): ಮೇಡಂ, ಸಹಿ ಮಾತು ಆಮೇಲೆ, ಮೊದ್ಲು ಕ್ಯಾಲೆಂಡರ್ ನೋಡಿ. ಮಿಷಿಗನ್ ಝೋನಿಂಗ್ ಎನೇಬ್ಲಿಂಗ್ ಆಕ್ಟ್‌ನಲ್ಲಿ ಟೌನ್‌ಶಿಪ್ ಜನರಿಗೆ ಈ ಹಕ್ಕು ಇದೆ, ಆದ್ರೆ ಗಡುವು ತುಂಬಾ ಬಿಗಿ. ರೀಜೋನಿಂಗ್ ನೋಟಿಸ್ ಪೇಪರ್‌ನಲ್ಲಿ ಪ್ರಕಟ ಆದ್ಮೇಲೆ 7 ದಿನದ ಒಳಗೆ ಒಬ್ಬ ರಿಜಿಸ್ಟರ್ಡ್ ವೋಟರ್ ಟೌನ್‌ಶಿಪ್ ಕ್ಲರ್ಕ್ ಹತ್ರ ಹೋಗಿ "ನಾವು ಪೆಟಿಷನ್ ಕೊಡ್ತೀವಿ" ಅಂತ ಬರ್ದು ಕೊಡ್ಬೇಕು. ಕೊಟ್ರೆ ಪ್ರಕಟಣೆಯಿಂದ 30 ದಿನ ಸಿಗುತ್ತೆ ಸಹಿ ಮಾಡ್ಸೋಕೆ. ಎಷ್ಟು ಸಹಿ ಅಂದ್ರೆ ಹಿಂದಿನ ಗವರ್ನರ್ ಎಲೆಕ್ಷನ್‌ನಲ್ಲಿ ನಿಮ್ಮಲ್ಲಿ ಬಿದ್ದ ಒಟ್ಟು ವೋಟಿನ 15%, ಅಂದ್ರೆ 3,000 ವೋಟ್ ಬಿದ್ದಿದ್ರೆ 450. ಆ 7 ದಿನ ತಪ್ಪಿದ್ರೆ ಮುಗೀತು, ಆಮೇಲೆ ಸಾವಿರ ಸಹಿ ತಂದ್ರೂ ಕ್ಲರ್ಕ್ ತಗೊಳಲ್ಲ.

ಕ್ಲರ್ಕ್‌ಗೆ ಹಾಗೆ ಬರ್ದು ಕೊಟ್ಟ ತಕ್ಷಣ ಆ ರೀಜೋನಿಂಗ್ ಜಾರಿಗೆ ಬರೋದು ನಿಲ್ಲುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪೆಟಿಷನ್ ಸರಿ ಇದೆ ಅಂತಾದ್ರೆ ವೋಟ್ ಆಗೋವರೆಗೂ ಹಾಗೇ ನಿಂತಿರುತ್ತೆ. ಇದೇ ವಾಷ್ಟೆನಾ ಕೌಂಟಿಯ ಅಗಸ್ಟಾ ಟೌನ್‌ಶಿಪ್‌ನಲ್ಲಿ 2025ರಲ್ಲಿ ಥಾರ್ ಈಕ್ವಿಟೀಸ್ ಅನ್ನೋ ಕಂಪನಿಯ ಡೇಟಾ ಸೆಂಟರ್‌ಗೆ ಬೋರ್ಡ್ ರೀಜೋನಿಂಗ್ ಕೊಟ್ಟಾಗ ಊರವರು ಹಿಡಿದಿದ್ದು ಇದೇ ದಾರಿ.

ನಿಮ್ಮೆಜಮಾನ್ರು ಸಹಿ ಹಾಕೋದು ಬೇಡ, ಖಂಡಿತ ಬೇಡ. ರಿಜಿಸ್ಟರ್ಡ್ ವೋಟರ್ ಅಲ್ದೋರು ಗೊತ್ತಿದ್ದೂ ಸಹಿ ಹಾಕೋದು ಇಲ್ಲಿ ಎಲೆಕ್ಷನ್ ಕಾನೂನಿನ ಉಲ್ಲಂಘನೆ, ನಾಳೆ ನ್ಯಾಚುರಲೈಸೇಷನ್ ಇಂಟರ್‌ವ್ಯೂನಲ್ಲಿ ಅದೇ ತಲೆನೋವಾಗ್ಬೋದು. ಮೀಟಿಂಗ್‌ಗೆ ಹೋಗಿ ಮಾತಾಡೋಕೆ ಮಾತ್ರ ಯಾವ ಅಡ್ಡಿನೂ ಇಲ್ಲ, ಓಪನ್ ಮೀಟಿಂಗ್ಸ್ ಆಕ್ಟ್‌ನಲ್ಲಿ ಸಿಟಿಜನ್ ಆಗಿರ್ಲೇಬೇಕು ಅಂತ ಇಲ್ಲ.

ಕಾಮೆಂಟ್ (ಟ್ರಾಯ್): ಸರ್, ಬೇಜಾರು ಮಾಡ್ಕೋಬೇಡಿ, ನಾವೆಲ್ಲ ಐಟಿ ಜನ, ಬೆಳಗಾದ್ರೆ ಎಐ ಇಲ್ದೆ ಒಂದು ಇಮೇಲ್ ಬರಿಯಲ್ಲ, ಸರ್ವರ್ ಮಾತ್ರ ಬೇರೆಯವ್ರ ಊರಲ್ಲಿರ್ಲಿ ಅನ್ನೋದು ಯಾವ ನ್ಯಾಯ? ಮೆಗಾವ್ಯಾಟ್ ಅಂದ್ರೇನು ಅಂತ ಗೊತ್ತಿಲ್ದೋರೆಲ್ಲ ವೋಟ್ ಹಾಕಿದ್ರೆ ಇಲ್ಲಿ ಏನೂ ಕಟ್ಟೋಕಾಗಲ್ಲ. ಬೋರ್ಡ್‌ನವ್ರನ್ನ ಆರಿಸಿ ಕಳ್ಸಿರೋದು ಯಾಕೆ ಮತ್ತೆ?

ಉತ್ತರ: ನ್ಯಾಯವಾದ ಪ್ರಶ್ನೆನೇ, ಆದ್ರೆ ನೀವು ಎರಡು ಬೇರೆ ವಿಷ್ಯ ಕಲಸ್ತಿದೀರ. ಈ ವೋಟ್ ಎಐ ಬೇಕಾ ಬೇಡ್ವಾ ಅಂತಲ್ಲ, ಕೂಲಿಂಗ್ ಪೈಪ್ ಎಷ್ಟು ಇಂಚು ಇರ್ಬೇಕು ಅಂತಾನೂ ಅಲ್ಲ. ಹೊಲ ಅಂತ ಗೆರೆ ಎಳೆದಿದ್ದ ಜಾಗಾನ ಇಂಡಸ್ಟ್ರಿ ಅಂತ ಬದಲಾಯ್ಸಬೇಕಾ ಅನ್ನೋದಷ್ಟೇ. ಅದು ಕಾನೂನು ಮಾಡೋ ಕೆಲ್ಸ, ಅದಕ್ಕೇ ರೀಜೋನಿಂಗ್ ಮೇಲೆ ರೆಫರೆಂಡಂ ಉಂಟು, ಸೈಟ್ ಪ್ಲ್ಯಾನ್ (ಕಟ್ಟಡದ ನಕ್ಷೆ) ಅಪ್ರೂವಲ್ ಮೇಲೆ ಇಲ್ಲ. ಎಕ್ಸ್‌ಪರ್ಟ್‌ಗಳ ಕೆಲ್ಸ ಎಕ್ಸ್‌ಪರ್ಟ್‌ಗಳಿಗೇ ಬಿಟ್ಟಿದಾರೆ.

ಬೋರ್ಡ್ ಇರೋವಾಗ ಜನ ಯಾಕೆ ಅನ್ನೋ ವಾದ ಒಂದು ಬಿಲ್ಡರ್ ಕಂಪನಿ ಹಾಕಿದ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಓಹಾಯೋದ ಈಸ್ಟ್‌ಲೇಕ್ ಅನ್ನೋ ಊರಲ್ಲಿ ಝೋನಿಂಗ್ ಬದಲಾವಣೆಗೆ 55% ಜನರ ಒಪ್ಪಿಗೆ ಬೇಕು ಅಂತ ಇತ್ತು. 1976ರಲ್ಲಿ ಕೋರ್ಟ್ ಹೇಳಿದ್ದೇನಂದ್ರೆ, ಅಧಿಕಾರ ಮೂಲದಲ್ಲಿ ಜನರದ್ದೇ, ಅವ್ರು ಅದ್ರಲ್ಲಿ ಸ್ವಲ್ಪ ತಮ್ಮ ಕೈಲೇ ಇಟ್ಕೊಂಡ್ರೆ ಅದು ಯಾರೋ ಹೊರಗಿನವ್ರಿಗೆ ಅಧಿಕಾರ ಕೊಟ್ಟಂಗಲ್ಲ.

ಲಾಭ ಯಾರಿಗೆ ಅಂತಾನೂ ನೋಡಿ. 2024ರಲ್ಲಿ ಲ್ಯಾನ್ಸಿಂಗ್‌ನವರು (ನಮ್ಮ ಸ್ಟೇಟ್ ಶಾಸಕರು) ಪಾಸ್ ಮಾಡಿದ ಕಾನೂನಿನ ಪ್ರಕಾರ ದೊಡ್ಡ ಡೇಟಾ ಸೆಂಟರ್‌ಗೆ ಸೇಲ್ಸ್ ಟ್ಯಾಕ್ಸ್, ಯೂಸ್ ಟ್ಯಾಕ್ಸ್ ಮಾಫಿ ಸಿಗೋಕೆ 250 ಮಿಲಿಯನ್ ಡಾಲರ್ ಹಾಕಿ 30 ಕೆಲ್ಸ ಕೊಟ್ರೆ ಸಾಕು. ಮೂವತ್ತು! ಟ್ಯಾಕ್ಸ್ ಮಾಫಿ ಮಾಡಿದ್ದು ಸ್ಟೇಟ್, ಜನರೇಟರ್ ಸದ್ದು ಕೇಳೋರು ಟೌನ್‌ಶಿಪ್‌ನವ್ರು. ಅಷ್ಟಾದ್ಮೇಲೆ ಅವ್ರು ಒಂದು ವೋಟ್ ಕೇಳಿದ್ರೆ ಅದು ಅತಿಯಾಸೆ ಅಂತ ನನಗಂತೂ ಅನ್ಸಲ್ಲ. ವೋಟ್ ಇಟ್ರೆ ಜನ ಬೇಡ ಅಂತಾನೇ ಅಂತಾರೆ ಅನ್ನೋದೂ ತಪ್ಪು ಕಲ್ಪನೆ, ಎಸ್ ಅಂತ ಗೆದ್ರೆ ಕಂಪನಿಗೇ ಒಳ್ಳೇದು, ಆಮೇಲೆ ಊರವ್ರಿಗೆ ಹೇಳ್ದೆ ಕೇಳ್ದೆ ಮಾಡಿದ್ರು ಅನ್ನೋ ಮಾತು ನಿಲ್ಲಲ್ಲ.

ಕಾಮೆಂಟ್ (ಕ್ಯಾಂಟನ್): ಆದ್ರೆ ಸಲೀನ್‌ನಲ್ಲಿ ಏನಾಯ್ತು ನೋಡಿದ್ರಲ್ಲ ಸರ್. ಬೇಡ ಅಂದ್ರೂ ಬಂದೇ ಬಂತು.

ಉತ್ತರ: ಹೌದು, ಅದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ಸಲೀನ್ ಟೌನ್‌ಶಿಪ್ ಬೋರ್ಡ್ 2025ರ ಸೆಪ್ಟೆಂಬರ್‌ನಲ್ಲಿ ರೀಜೋನಿಂಗ್ ಕೊಡಲ್ಲ ಅಂತು. ಡೇಟಾ ಸೆಂಟರ್ ಕಟ್ಟೋಕೆ ಬಂದಿದ್ದ ರಿಲೇಟೆಡ್ ಡಿಜಿಟಲ್ ಕಂಪನಿಯವರೂ ಜಮೀನಿನ ಮಾಲೀಕರೂ ಕೇಸ್ ಹಾಕಿದ್ರು. ನಮ್ಮ ಕಾನೂನಲ್ಲಿ ಒಂದು ಕಲಂ ಇದೆ, ನಿಜವಾದ ಬೇಡಿಕೆ ಇರೋ ಯಾವುದೇ ಜಮೀನು ಬಳಕೆಯನ್ನ ಟೌನ್‌ಶಿಪ್ ಪೂರ್ತಿ ಹೊರಗಿಡೋ ಹಾಗಿಲ್ಲ ಅಂತ, ಅದನ್ನೇ ಹಿಡ್ಕೊಂಡ್ರು. ಸಣ್ಣ ಟೌನ್‌ಶಿಪ್, ಲಾಯರ್ ಫೀಸ್ ನೋಡಿ ಹೆದರಿ ಅಕ್ಟೋಬರ್‌ನಲ್ಲೇ ಕನ್ಸೆಂಟ್ ಜಡ್ಜ್‌ಮೆಂಟ್‌ಗೆ, ಅಂದ್ರೆ ಕೋರ್ಟ್ ಮುದ್ರೆ ಬಿದ್ದ ರಾಜಿಗೆ, ಒಪ್ಕೊಂಡ್ರು. ಈಗ ಅಲ್ಲಿ ಬರ್ತಿರೋದು ಓಪನ್‌ಎಐ, ಒರಾಕಲ್‌ಗೆ 1.4 ಗಿಗಾವ್ಯಾಟ್ ಕ್ಯಾಂಪಸ್. ಬೋರ್ಡ್ ಯಾವ ಆರ್ಡಿನೆನ್ಸೂ (ಟೌನ್‌ಶಿಪ್ ಕಾನೂನು) ಪಾಸ್ ಮಾಡದೆ ಕೋರ್ಟ್ ಮೂಲಕ ಮುಗಿಸಿದ್ರಿಂದ ಜನರಿಗೆ ರೆಫರೆಂಡಂ ಕೇಳೋಕೆ ಏನೂ ಉಳೀಲಿಲ್ಲ.

ಅಂದ್ರೆ ನಿಮ್ಮಲ್ಲಿ ಬೇಡ ಅನ್ನೋ ವೋಟ್ ಗೆದ್ರೂ ಇಂಥ ಕೇಸ್ ಬರ್ಬೋದು. ಆದ್ರೆ ಐದು ಜನರ ಬೋರ್ಡ್ ತಾನೇ ಬೇಡ ಅಂದು ತಾನೇ ಸೆಟಲ್ ಮಾಡ್ಕೊಳೋದು ಸಲೀಸು, ಇಡೀ ಊರು ಬೇಡ ಅಂತ ವೋಟ್ ಹಾಕಿದ್ಮೇಲೆ ಸೆಟಲ್ ಮಾಡ್ಕೊಂಡು ಮುಂದಿನ ಎಲೆಕ್ಷನ್‌ಗೆ ನಿಲ್ಲೋದು ಅಷ್ಟು ಸಲೀಸಲ್ಲ. ಇನ್ನೊಂದು, ಡೇಟಾ ಸೆಂಟರ್‌ಗೆ ಸರಿಯಾಗೋ ಜಾಗ ಟೌನ್‌ಶಿಪ್‌ನಲ್ಲಿ ಬೇರೆ ಕಡೆ ಮೊದ್ಲೇ ಗುರುತು ಮಾಡಿಟ್ರೆ "ಪೂರ್ತಿ ಹೊರಗಿಟ್ರು" ಅನ್ನೋ ವಾದ ಬಲ ಕಳ್ಕೊಳುತ್ತೆ. ಪೆಟಿಷನ್ ಜೊತೆಜೊತೆಗೇ ಪ್ಲ್ಯಾನಿಂಗ್ ಕಮಿಷನ್‌ಗೆ ಇದನ್ನೂ ಕೇಳಿ, ಬರೀ ಬೇಡ ಬೇಡ ಅಂದ್ರೆ ಕೋರ್ಟಲ್ಲಿ ನಿಲ್ಲೋದು ಕಷ್ಟ.

ಕಾಮೆಂಟ್ (ಬೆಂಗಳೂರು): ನಮ್ಮ ಕಡೆ ಇಂಥದ್ದು ಇದ್ಯಾ ಸಾರ್? ದೇವನಹಳ್ಳಿಯವ್ರು 1,777 ಎಕರೆ ಉಳಿಸ್ಕೊಳೋಕೆ ವರ್ಷಗಟ್ಲೆ ಧರಣಿ ಕೂರ್ಬೇಕಾಯ್ತು.

ಉತ್ತರ: ನಾನು ಅಲ್ಲಿ ಪ್ರಾಕ್ಟೀಸ್ ಮಾಡಲ್ಲ, ಅಲ್ಲಿನ ವಕೀಲರು ಹೆಚ್ಚು ಹೇಳ್ಬೋದು. ಗ್ರಾಮಸಭೆ ಇದೆ, ಆದ್ರೆ ಸಹಿ ಮಾಡ್ಸಿ ವೋಟ್‌ಗೆ ಇಡೋ ಇಂಥ ವ್ಯವಸ್ಥೆ ಇಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ 12 ಗ್ರಾಮಸಭೆ ಸೇರಿ ಹನ್ನೆರಡೂ ಗಣಿ ಬೇಡ ಅಂದ್ವು, ಅದಕ್ಕೆ ಅರಣ್ಯ ಹಕ್ಕು ಕಾಯ್ದೆ ಆಸರೆ ಇತ್ತು. ದೇವನಹಳ್ಳಿಯವ್ರಿಗೆ ಅಂಥ ಆಸರೆ ಇರ್ಲಿಲ್ಲ, ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿದ್ದು ಹೋರಾಟಕ್ಕೆ ಮಣಿದು.

ಪ್ರಶ್ನೆ ಕೇಳಿದವರು: ಸರ್, ತುಂಬಾ ಥ್ಯಾಂಕ್ಸ್. ಪೇಪರ್‌ನಲ್ಲಿ ನೋಟಿಸ್ ಬಂದಿದ್ದು ನೆನ್ನೆ, ಇವತ್ತೇ ಪಕ್ಕದ್ಮನೆಯವ್ರ ಜೊತೆ ಕ್ಲರ್ಕ್ ಆಫೀಸಿಗೆ ಹೋಗಿ ಕೊಟ್ಟು ಬಂದ್ವಿ. ನಮ್ಮೆಜಮಾನ್ರು ಸಹಿ ಹಾಕಲ್ಲ, ಬಟ್ ಕಾರ್ ಓಡಿಸ್ತೀನಿ ಅಂದಿದಾರೆ. ಈಗ ಸಹಿ ಮಾಡ್ಸೋವಾಗ ಏನು ಹುಷಾರಾಗಿರ್ಬೇಕು?

ಉತ್ತರ: ಕೊಟ್ಟಿದ್ದಕ್ಕೆ ತಾರೀಕು ಸೀಲ್ ಹಾಕಿದ ಕಾಪಿ ಇಸ್ಕೊಂಡ್ರಾ? ಇಲ್ಲ ಅಂದ್ರೆ ನಾಳೆನೇ ಹೋಗಿ ಇಸ್ಕೊಳ್ಳಿ. ಸಹಿಗಳು ಬಿದ್ದೋಗೋದು ಜಾಸ್ತಿ ವಿಳಾಸದಲ್ಲಿ. ಇಪ್ಸಿಲಾಂಟಿ ಅಂತ ಪೋಸ್ಟಲ್ ಅಡ್ರೆಸ್ ಇರೋರೆಲ್ಲ ಇಪ್ಸಿಲಾಂಟಿ ಊರವ್ರಲ್ಲ, ಸುತ್ತಲಿನ ಟೌನ್‌ಶಿಪ್‌ಗಳ ಎಷ್ಟೋ ಮನೆಗಳಿಗೂ ಅದೇ ವಿಳಾಸ, ಹಾಗಾಗಿ ಸಹಿ ಹಾಕೋರು ನಿಮ್ಮ ಟೌನ್‌ಶಿಪ್‌ನಲ್ಲೇ ರಿಜಿಸ್ಟರ್ ಆಗಿದಾರಾ ಅಂತ ಸ್ಟೇಟ್ ವೋಟರ್ ಸೈಟ್‌ನಲ್ಲಿ ಅಲ್ಲೇ ಫೋನ್‌ನಲ್ಲಿ ನೋಡ್ಬಿಡಿ. ತಾರೀಕನ್ನ ಸಹಿ ಹಾಕೋರೇ ಬರೀಲಿ, ಗಂಡನ ಸಹಿ ಹೆಂಡ್ತಿ ಹಾಕೋದು ಬೇಡ. ಬೇಕಾಗಿದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿನೇ ಮಾಡ್ಸಿ, ಕಂಪನಿ ಕಡೆ ಲಾಯರ್ ಒಂದೊಂದು ಸಾಲನ್ನೂ ಭೂತಗನ್ನಡಿ ಹಿಡ್ದು ನೋಡ್ತಾರೆ. ಪೆಟಿಷನ್ ಒಕ್ಕಣೆ ಪ್ರಿಂಟ್‌ಗೆ ಹಾಕೋ ಮುಂಚೆ ಇಲ್ಲಿನ ಯಾರಾದ್ರೂ ಮುನಿಸಿಪಲ್ ಲಾಯರ್‌ಗೆ ತೋರ್ಸಿ.